ಉಗ್ರಾಣ ಗೆದ್ದ ಯುದ್ಧ

ಬರ್ಮಾದಲ್ಲಿ ಜಪಾನಿ ಸೇನೆಯನ್ನು ಸೋಲಿಸಿದ ಜನರಲ್ ವಿಲಿಯಂ ಸ್ಲಿಮ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಎರಡು ಸಂಗತಿಗಳನ್ನು ಹೇಳಿ ಮುಗಿಸುತ್ತಾರೆ. ಆತ ಸಿಪಾಯಿಗಳ ಅಚ್ಚುಮೆಚ್ಚಿನ ಸೇನಾನಿ, ‘ಅಂಕಲ್ ಬಿಲ್’ ಎಂದು ಕರೆಸಿಕೊಂಡವನು ಎಂಬುದು ಒಂದು. 1945ರ ಫೆಬ್ರವರಿಯಲ್ಲಿ ಶತ್ರುವಿನ ಕಣ್ಣು ತಪ್ಪಿಸಿ ಇರಾವದಿ ನದಿ ದಾಟಿ ಮೇಕ್ಟಿಲಾ ಪಟ್ಟಣವನ್ನು ಹಿಡಿದ ಆತನ ನಡೆ ಎರಡನೇ ಮಹಾಯುದ್ಧದ ಅತ್ಯಂತ ಚಾಣಾಕ್ಷ ನಡೆಗಳಲ್ಲಿ ಒಂದು ಎಂಬುದು ಇನ್ನೊಂದು. ಎರಡೂ ನಿಜ. ಆದರೆ ಎರಡನ್ನೂ ಕೂಡಿಸಿದರೂ ಒಂದು ಪ್ರಶ್ನೆ ಹಾಗೇ ಉಳಿಯುತ್ತದೆ. 1942ರ ಮೇ ತಿಂಗಳಲ್ಲಿ ಹರಕು ಬಟ್ಟೆಯಲ್ಲಿ, ಜ್ವರದಲ್ಲಿ ನಡುಗುತ್ತ ಮಣಿಪುರದ ಬೆಟ್ಟಗಳಿಗೆ ಬಂದು ಬಿದ್ದ ಸೇನೆಯೇ ಮೂರು ವರ್ಷದೊಳಗೆ ಅದೇ ಶತ್ರುವನ್ನು ಅದೇ ದಾರಿಯಲ್ಲಿ ಹಿಂದಕ್ಕಟ್ಟಿದ್ದು ಹೇಗೆ? ಸಿಪಾಯಿಗಳ ಪ್ರೀತಿ 1942ರಲ್ಲೂ ಇತ್ತು, ಸೇನಾನಿಯ ಬುದ್ಧಿಯೂ ಇತ್ತು. ಇರದಿದ್ದದ್ದು ಅಕ್ಕಿ, ಗೋಧಿಹಿಟ್ಟು, ಔಷಧಿ, ರಸ್ತೆ, ವಿಮಾನ. ಅವನ್ನು ಹೊತ್ತಿಗೆ ಸರಿಯಾಗಿ ಬೇಕಾದ ಜಾಗಕ್ಕೆ ಮುಟ್ಟಿಸುವ ವ್ಯವಸ್ಥೆ. ಸ್ಲಿಮ್ ಗೆದ್ದದ್ದು ಮೊದಲು ಉಗ್ರಾಣದಲ್ಲಿ, ಆಮೇಲೆ ರಣರಂಗದಲ್ಲಿ ಎಂಬುದು ಈ ಲೇಖನದ ವಾದ. ಆ ಉಗ್ರಾಣದ ಕಣ್ಣು ಆತನಿಗೆ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಹುಡುಕಲು ಮೊದಲನೇ ಮಹಾಯುದ್ಧದವರೆಗೆ ಹಿಂದೆ ಹೋಗಬೇಕು.

ಸ್ಲಿಮ್ ಹುಟ್ಟಿದ್ದು 1891ರ ಆಗಸ್ಟ್ 6ರಂದು, ಬ್ರಿಸ್ಟಲ್‌ನಲ್ಲಿ. ತಂದೆ ಕಬ್ಬಿಣದ ಸಾಮಾನಿನ ವ್ಯಾಪಾರಿ. ವ್ಯಾಪಾರ ಕೈಕೊಟ್ಟಾಗ ಕುಟುಂಬ ಬರ್ಮಿಂಗ್‌ಹ್ಯಾಮಿಗೆ ಬಂತು. ಒಬ್ಬ ಮಗನನ್ನು ಕಾಲೇಜಿಗೆ ಕಳಿಸುವಷ್ಟು ಮಾತ್ರ ಹಣವಿತ್ತು, ಅಣ್ಣ ವೈದ್ಯಕೀಯ ಓದಲು ಹೋದ. ತಮ್ಮ ಬಡವರ ಮಕ್ಕಳ ಪ್ರಾಥಮಿಕ ಶಾಲೆಯಲ್ಲಿ ಸ್ವಲ್ಪ ಕಾಲ ಪಾಠ ಹೇಳಿ, 1910ರಿಂದ ಉಕ್ಕಿನ ಕೊಳವೆ ತಯಾರಿಸುವ ಕಂಪನಿಯೊಂದರಲ್ಲಿ ಗುಮಾಸ್ತನಾದ. ಆ ಕಾಲದ ಬ್ರಿಟಿಷ್ ಸೈನ್ಯದಲ್ಲಿ ಅಧಿಕಾರಿಯಾಗಲು ಬೇಕಾದ ಮನೆತನವೂ ಆತನಿಗಿರಲಿಲ್ಲ, ಜೇಬೂ ಇರಲಿಲ್ಲ. ವಿಶ್ವವಿದ್ಯಾಲಯದ ವಿದ್ಯಾರ್ಥಿಯಲ್ಲದಿದ್ದರೂ ಅಲ್ಲಿನ ಅಧಿಕಾರಿ ತರಬೇತಿ ದಳಕ್ಕೆ ಹೇಗೋ ಸೇರಿಕೊಂಡಿದ್ದರಿಂದ, 1914ರ ಆಗಸ್ಟಿನಲ್ಲಿ ಯುದ್ಧ ಶುರುವಾದೊಡನೆ ರಾಯಲ್ ವಾರ್ವಿಕ್‌ಶೈರ್ ರೆಜಿಮೆಂಟಿನಲ್ಲಿ ತಾತ್ಕಾಲಿಕ ಸೆಕೆಂಡ್ ಲೆಫ್ಟಿನೆಂಟ್ ಹುದ್ದೆ ಸಿಕ್ಕಿತು. ಯುದ್ಧ ಬಾರದಿದ್ದರೆ ಆತ ಬರ್ಮಿಂಗ್‌ಹ್ಯಾಮಿನಲ್ಲೇ ಲೆಕ್ಕ ಬರೆಯುತ್ತ ನಿವೃತ್ತನಾಗುತ್ತಿದ್ದನೇನೋ.

ಹೆಚ್ಚಿನ ಬ್ರಿಟಿಷ್ ಸೇನಾನಿಗಳು ಮೊದಲನೇ ಯುದ್ಧದ ಪಾಠ ಕಲಿತದ್ದು ಫ್ರಾನ್ಸಿನ ಕಂದಕಗಳಲ್ಲಿ. ಅಲ್ಲಿ ಸಾವಿಗೆ ಕೊರತೆ ಇರಲಿಲ್ಲ, ಆದರೆ ಸಾಮಾನು ಸರಂಜಾಮಿಗೂ ಕೊರತೆ ಇರಲಿಲ್ಲ. ಹಿಂದೆ ರೈಲು, ಅದರ ಹಿಂದೆ ಬಂದರು, ಕಡಲ್ಗಾಲುವೆಯ ಆಚೆ ಇಂಗ್ಲೆಂಡು. ಸ್ಲಿಮ್‌ನ ಪಾಲಿಗೆ ಬಂದ ಎರಡು ರಣರಂಗಗಳು ಬೇರೆ ಜಾತಿಯವು. 1915ರ ಆಗಸ್ಟಿನ ಗಲಿಪೊಲಿಯಲ್ಲಿ ಬ್ರಿಟಿಷ್ ಪಡೆಗಳನ್ನು ತುರ್ಕಿಯ ಗುಂಡಿನ ಜೊತೆಗೆ ಆಮಶಂಕೆಯೂ ಬಾಯಾರಿಕೆಯೂ ಕಂಗೆಡಿಸಿದವು. ಸಾರಿ ಬೈರ್ ಬೆಟ್ಟಸಾಲಿನ ದಾಳಿಯಲ್ಲಿ ಆತ ತೀವ್ರವಾಗಿ ಗಾಯಗೊಂಡ. ಪಕ್ಕದಲ್ಲಿ ಹೋರಾಡುತ್ತಿದ್ದ 6ನೇ ಗೂರ್ಖಾ ರೈಫಲ್ಸ್ ಆತನ ಮನಸ್ಸಿನಲ್ಲಿ ಕೂತದ್ದೂ ಅಲ್ಲೇ. ಆಮೇಲೆ ಮೆಸೊಪೊಟೇಮಿಯಾ. ಅಲ್ಲಿ ನಡೆದದ್ದು ಭಾರತೀಯ ಸೇನೆಯ ಇತಿಹಾಸದ ದೊಡ್ಡ ಅವಮಾನಗಳಲ್ಲಿ ಒಂದು. ನದಿ ದೋಣಿ, ಆಸ್ಪತ್ರೆ, ಆಹಾರ ಯಾವುದರ ಸಿದ್ಧತೆಯೂ ಇಲ್ಲದೆ ಬಾಗ್ದಾದಿನತ್ತ ನುಗ್ಗಿದ ಜನರಲ್ ಟೌನ್‌ಶೆಂಡ್ ಕಟ್ ಪಟ್ಟಣದಲ್ಲಿ ಮುತ್ತಿಗೆಗೆ ಸಿಕ್ಕಿ 1916ರ ಏಪ್ರಿಲ್‌ನಲ್ಲಿ ಶರಣಾದ. ಒಳಗಿದ್ದವರಲ್ಲಿ ಬಹುಪಾಲು ಭಾರತೀಯ ಸಿಪಾಯಿಗಳು, ಹಸಿವಿನಿಂದ ಎಲುಬುಗೂಡಾಗಿದ್ದವರು. ಅವರಿಗೆ ವಿಮಾನದಿಂದ ಊಟ ಎಸೆಯುವ ಪ್ರಯತ್ನವೂ ನಡೆಯಿತು, ಹಾಗೆ ಮಾಡಿದ್ದು ಬಹುಶಃ ಅದೇ ಮೊದಲು, ಬಿದ್ದದ್ದು ಸಾಲಲಿಲ್ಲ. ಸ್ಲಿಮ್ ಅಲ್ಲಿಗೆ ಹೋದದ್ದು ಈ ದುರಂತದ ಮೇಲೆ. ಹೊಸ ದಂಡನಾಯಕ ಜನರಲ್ ಮಾಡ್ ತಿಂಗಳುಗಟ್ಟಲೆ ಮುಂದೆ ಒಂದು ಹೆಜ್ಜೆ ಇಡದೆ ಬಂದರು, ದೋಣಿ, ರೈಲು, ಆಸ್ಪತ್ರೆಗಳನ್ನು ಸರಿಪಡಿಸುತ್ತ ಕುಳಿತ, 1916ರ ಡಿಸೆಂಬರಿನಲ್ಲಿ ಹೊರಟು 1917ರ ಮಾರ್ಚಿನಲ್ಲಿ ಬಾಗ್ದಾದ್ ಹಿಡಿದ. ಅದೇ ಶತ್ರು, ಅದೇ ನದಿ. ಮಾಡ್‌ನ ಸೈನ್ಯದಲ್ಲಿ ಒಬ್ಬ ಸಣ್ಣ ಅಧಿಕಾರಿಯಾಗಿ ಸ್ಲಿಮ್ ಇನ್ನೊಮ್ಮೆ ಗಾಯಗೊಂಡ, ಮಿಲಿಟರಿ ಕ್ರಾಸ್ ಪಡೆದ, ಚಿಕಿತ್ಸೆಗೆಂದು ಭಾರತಕ್ಕೆ ಬಂದ. ಇಪ್ಪತ್ತೈದು ವರ್ಷದ ಮೇಲೆ ಆತ ಇಂಫಾಲದಲ್ಲಿ ಮಾಡಿದ್ದನ್ನು ನೋಡಿದರೆ, ಮಾಡ್‌ನ ಆ ನಿಧಾನ ಆತನ ಕಣ್ಣಿಗೆ ಬಿದ್ದಿತ್ತು ಎಂದು ನಂಬದಿರುವುದು ಕಷ್ಟ.

ಎರಡು ಯುದ್ಧಗಳ ನಡುವಿನ ವರ್ಷಗಳನ್ನು ಬೇಗ ದಾಟಬಹುದು. ಇಂಗ್ಲೆಂಡಿನಲ್ಲಿ ಸ್ವಂತ ಆಸ್ತಿಯಿಲ್ಲದ ಅಧಿಕಾರಿಗೆ ಸಂಬಳದಲ್ಲಿ ಬದುಕಲು ಆಗದ ಕಾಲ ಅದು, ಭಾರತದಲ್ಲಿ ಆಗುತ್ತಿತ್ತು. 1919ರಲ್ಲಿ ಆತ ಭಾರತೀಯ ಸೇನೆಗೆ ಬದಲಾಗಿ ಮರುವರ್ಷ ತನ್ನ ಮೆಚ್ಚಿನ 6ನೇ ಗೂರ್ಖಾ ರೈಫಲ್ಸ್ ಸೇರಿದ. ಗೂರ್ಖಾಲಿ ಕಲಿತ. ಕ್ವೆಟ್ಟಾದ ಸ್ಟಾಫ್ ಕಾಲೇಜಿನಲ್ಲಿ ಓದಿದ, ಇಂಗ್ಲೆಂಡಿನ ಕ್ಯಾಂಬರ್ಲಿಯಲ್ಲಿ ಪಾಠ ಹೇಳಿದ. ಸಂಸಾರದ ಖರ್ಚು ಸರಿದೂಗಿಸಲು ಆಂಥನಿ ಮಿಲ್ಸ್ ಎಂಬ ಗುಪ್ತನಾಮದಲ್ಲಿ ಪತ್ರಿಕೆಗಳಿಗೆ ಕಥೆ ಬರೆದ. ಬಡ್ತಿ ಎಷ್ಟು ನಿಧಾನವಾಗಿತ್ತೆಂದರೆ ಒಂದು ಬೆಟಾಲಿಯನ್ನಿನ ಮುಖ್ಯಸ್ಥನಾಗುವ ಹೊತ್ತಿಗೆ ಆತನಿಗೆ ನಲವತ್ತಾರು ದಾಟಿತ್ತು. 1939ರಲ್ಲಿ ನಮ್ಮ ಬೆಳಗಾವಿಯಲ್ಲಿದ್ದ ಸೀನಿಯರ್ ಆಫೀಸರ್ಸ್ ಸ್ಕೂಲಿನ ಮುಖ್ಯಸ್ಥನಾಗಿ ಬಂದ; ಬೆಟಾಲಿಯನ್ ನಡೆಸಬೇಕಾದ ಅಧಿಕಾರಿಗಳಿಗೆ ತರಬೇತಿ ಕೊಡುವ ಶಾಲೆ ಅದು. ಎರಡನೇ ಮಹಾಯುದ್ಧ ಶುರುವಾದಾಗ ಮುಂದೆ ಬರ್ಮಾ ಗೆಲ್ಲಬೇಕಾದ ಮನುಷ್ಯ ಬೆಳಗಾವಿಯ ದಂಡಿನಲ್ಲಿದ್ದ.

ಈ ಯುದ್ಧದಲ್ಲಿ ಆತನ ಮೊದಲ ಕಾಳಗ ಸೋಲು. 1940ರ ನವೆಂಬರಿನಲ್ಲಿ ಸುಡಾನ್–ಇಥಿಯೋಪಿಯಾ ಗಡಿಯ ಗಲ್ಲಾಬಾತ್ ಕೋಟೆಯನ್ನು ಆತನ 10ನೇ ಭಾರತೀಯ ಬ್ರಿಗೇಡ್ ಹಿಡಿಯಿತು, ಇಟಲಿಯ ವಿಮಾನಗಳ ಬಾಂಬಿಗೆ ಸಿಕ್ಕಿ ಬಿಟ್ಟು ಬಂತು. ಎರಡನೇ ಸಲ ದಾಳಿ ಮಾಡುವ ಅವಕಾಶವಿತ್ತು. ಆತ ಎಚ್ಚರಿಕೆಯ ಸಲಹೆಗೆ ಕಿವಿಗೊಟ್ಟು ಕೈಬಿಟ್ಟ. ಮುಂದೆ ತನ್ನ ಆತ್ಮಕಥನದ ಬರಹಗಳಲ್ಲಿ ಅದು ತನ್ನದೇ ಅಳುಕು ಎಂದು ಒಪ್ಪಿಕೊಂಡ. ಎರಿಟ್ರಿಯಾದಲ್ಲಿ ಮತ್ತೆ ಗಾಯ. 1941ರಲ್ಲಿ 10ನೇ ಭಾರತೀಯ ಡಿವಿಜನ್ನಿನೊಂದಿಗೆ ಇರಾಕ್, ಸಿರಿಯಾ, ಇರಾನ್ ಸುತ್ತಿದ. ಅಲ್ಲಿ ಶತ್ರುವಿಗಿಂತ ದೂರವೇ ದೊಡ್ಡ ತೊಡಕು, ಪೆಟ್ರೋಲಿನ ಲೆಕ್ಕವೇ ನಿಜವಾದ ಯುದ್ಧ. 1942ರ ಮಾರ್ಚಿನಲ್ಲಿ ಕರೆ ಬಂತು, ಬರ್ಮಾಕ್ಕೆ.

ಅಲ್ಲಿಗೆ ಹೋಗುವಷ್ಟರಲ್ಲಿ ಆಟ ಮುಗಿದಿತ್ತು. ಫೆಬ್ರವರಿ 23ರಂದು ಸಿತ್ತಾಂಗ್ ಸೇತುವೆಯನ್ನು ಬ್ರಿಟಿಷರೇ ಸ್ಫೋಟಿಸಿದ್ದರಿಂದ 17ನೇ ಭಾರತೀಯ ಡಿವಿಜನ್ನಿನ ದೊಡ್ಡ ಭಾಗ ನದಿಯ ಆಚೆ ದಡದಲ್ಲೇ ಉಳಿಯಿತು. ಮಾರ್ಚ್ 8ರಂದು ರಂಗೂನ್ ಬಿತ್ತು. ರಂಗೂನ್ ಬಿದ್ದದ್ದೆಂದರೆ ಬಂದರು ಹೋಯಿತು, ಬಂದರು ಹೋಯಿತೆಂದರೆ ಸಾಮಾನು ಬರುವ ಒಂದೇ ಬಾಗಿಲು ಮುಚ್ಚಿತು. ಭಾರತಕ್ಕೂ ಬರ್ಮಾಕ್ಕೂ ನಡುವೆ ಸರಿಯಾದ ರಸ್ತೆ ಎಂಬುದೇ ಇರಲಿಲ್ಲ. ಹೊಸ ಬರ್ಮಾ ಕೋರ್‌ನ ಮುಖ್ಯಸ್ಥನಾದ ಸ್ಲಿಮ್ ಮಾಡಿದ್ದು ಸುಮಾರು 1,400 ಕಿಲೋಮೀಟರ್ ಹಿಂದೆ ಸರಿಯುವ ಕೆಲಸ. ಏಪ್ರಿಲ್‌ನಲ್ಲಿ ಯೆನಾಂಗ್ಯಾಂಗ್‌ನ ತೈಲಬಾವಿಗಳಿಗೆ ತಾವೇ ಬೆಂಕಿ ಹಚ್ಚಿದರು. ಅಲ್ಲಿ ಸಿಕ್ಕಿಬಿದ್ದ ಪಡೆಯನ್ನು ಬಿಡಿಸಲು ಚೀನಾದ ಜನರಲ್ ಸುನ್ ಲಿ-ಜೆನ್‌ನ ಡಿವಿಜನ್ ನೆರವಾಗಬೇಕಾಯಿತು. ಸೈನ್ಯದ ಜೊತೆಜೊತೆಗೆ ಬರ್ಮಾದಲ್ಲಿ ನೆಲೆಸಿದ್ದ ಲಕ್ಷಾಂತರ ಭಾರತೀಯರು ನಡೆದೇ ಬಂದರು. ದಾರಿಯಲ್ಲಿ ಬಿದ್ದವರನ್ನು ಎಣಿಸಿದವರಿಲ್ಲ. ಇಂಫಾಲ ಮುಟ್ಟಿದ ಸಿಪಾಯಿಗಳಿಗೆ ಮಳೆಯಲ್ಲಿ ಮಲಗಲು ಗುಡಾರ ಕೂಡ ಇರಲಿಲ್ಲ. ಆ ಸ್ವಾಗತದ ಬಗ್ಗೆ ಸ್ಲಿಮ್‌ನ ಸಿಟ್ಟು ಹದಿನಾಲ್ಕು ವರ್ಷದ ಮೇಲೆ ಪುಸ್ತಕ ಬರೆಯುವಾಗಲೂ ಆರಿರಲಿಲ್ಲ.

ಸೋತದ್ದೇಕೆ ಎಂದು ಆತ ಯೋಚಿಸಿದ ಬಗೆಯಲ್ಲಿಯೇ ಮುಂದಿನ ಗೆಲುವಿನ ಬೀಜವಿದೆ. ಜಪಾನೀಯರು ಕಾಡಿನ ಮಾಂತ್ರಿಕರು, ಅವರನ್ನು ಸೋಲಿಸುವುದು ಅಸಾಧ್ಯ ಎಂಬ ಮಾತು ಆಗ ಎಲ್ಲ ಕಡೆ ಹಬ್ಬಿತ್ತು. ಸ್ಲಿಮ್ ಕಂಡದ್ದು ಬೇರೆ. ಬ್ರಿಟಿಷ್ ಮತ್ತು ಭಾರತೀಯ ಪಡೆಗಳು ತಮ್ಮ ಲಾರಿಗಳಿಗೆ, ಲಾರಿಗಳು ಒಂದೇ ರಸ್ತೆಗೆ ಕಟ್ಟಿಬಿದ್ದಿದ್ದವು. ಜಪಾನಿನ ಒಂದು ಸಣ್ಣ ತುಕಡಿ ಕಾಡಿನಲ್ಲಿ ಸುತ್ತಿಬಂದು ಹಿಂದೆ ಆ ರಸ್ತೆಗೆ ಅಡ್ಡ ಮರ ಉರುಳಿಸಿ ಕೂತರೆ ಸಾಕು, ಇಡೀ ಡಿವಿಜನ್ ಮುಂದಿನ ಯುದ್ಧ ಬಿಟ್ಟು ಹಿಂದೆ ತಿರುಗುತ್ತಿತ್ತು. ಸುತ್ತುವರಿಯಲ್ಪಡುವ ಭಯ ಎಂದು ಕರೆದದ್ದು ನಿಜದಲ್ಲಿ ನಾಳೆಯ ಊಟ, ಮದ್ದುಗುಂಡು ಬರುವುದಿಲ್ಲ ಎಂಬ ಭಯ. ಹಾಗಾದರೆ ಅದಕ್ಕೆ ಧೈರ್ಯದ ಭಾಷಣ ಮದ್ದಲ್ಲ. ಊಟ ರಸ್ತೆಯಲ್ಲಿ ಬರದೆ ಆಕಾಶದಿಂದ ಬರುವಂತಾದರೆ, ಹಿಂದೆ ಕೂತ ಜಪಾನಿ ತುಕಡಿಯೇ ಸುತ್ತುವರಿಯಲ್ಪಟ್ಟಂತೆ. ಯುದ್ಧತಂತ್ರದ ಸಮಸ್ಯೆಯನ್ನು ಉಗ್ರಾಣದ ಸಮಸ್ಯೆಯಾಗಿ ನೋಡಿದ ಈ ತಿರುವೇ ನನ್ನ ಪ್ರಕಾರ ಸ್ಲಿಮ್‌ನ ಅತಿ ದೊಡ್ಡ ಸಾಧನೆ.

1943ರ ಅಕ್ಟೋಬರಿನಲ್ಲಿ ಆತನ ಕೈಗೆ ಬಂದ 14ನೇ ಸೇನೆಯ ಸ್ಥಿತಿಯನ್ನು ಒಂದು ಅಂಕಿ ಹೇಳುತ್ತದೆ. ಆ ವರ್ಷ ಗಾಯಗೊಂಡು ಹಿಂದಕ್ಕೆ ಸಾಗಿಸಲ್ಪಟ್ಟ ಪ್ರತಿಯೊಬ್ಬನಿಗೆ ಕಾಯಿಲೆಯಿಂದ ಸಾಗಿಸಲ್ಪಟ್ಟವರು 120 ಜನ. ಮಲೇರಿಯಾ ಒಂದೇ ವರ್ಷಕ್ಕೆ ಸೈನ್ಯದ ಶೇಕಡ 84ರಷ್ಟು ಪ್ರಮಾಣದಲ್ಲಿತ್ತು. ಆಮಶಂಕೆ, ಸ್ಕ್ರಬ್ ಟೈಫಸ್ ಬೇರೆ. ದಿನಕ್ಕೆ ಸಾವಿರಕ್ಕೆ ಹನ್ನೆರಡು ಜನ ಮಲಗುತ್ತಿದ್ದರು. ಹೀಗೇ ಹೋದರೆ ಶತ್ರು ಬರದಿದ್ದರೂ ಕೆಲವೇ ತಿಂಗಳಲ್ಲಿ ಸೈನ್ಯ ಕರಗುತ್ತದೆ ಎಂಬುದು ಸರಳ ಗುಣಾಕಾರ. ಅಲ್ಲಿಯವರೆಗೆ ಮಲೇರಿಯಾ ಬಂದ ಸಿಪಾಯಿಯನ್ನು ರೈಲು, ದೋಣಿ ಹತ್ತಿಸಿ ನೂರಾರು ಮೈಲಿ ದೂರದ ಆಸ್ಪತ್ರೆಗೆ ಕಳಿಸುತ್ತಿದ್ದರು. ಆತ ಹಿಂತಿರುಗಲು ತಿಂಗಳುಗಳು ಬೇಕು. ಈಗ ರೋಗಿಯನ್ನು ಹಿಂದಕ್ಕೆ ಕಳಿಸುವ ಬದಲು ಆಸ್ಪತ್ರೆಯನ್ನು ಮುಂದಕ್ಕೆ ತಂದರು. ಕಾಳಗದ ಸಾಲಿನಿಂದ ಕೆಲವೇ ಮೈಲಿ ಹಿಂದೆ ಗುಡಾರಗಳಲ್ಲಿ ಚಿಕಿತ್ಸಾ ಘಟಕಗಳು. ಜ್ವರ ಬಂದ ದಿನವೇ ಔಷಧಿ, ಕೆಲವು ವಾರಗಳಲ್ಲಿ ಮತ್ತೆ ಬೆಟಾಲಿಯನ್ನಿಗೆ. ಇನ್ನು ಮೆಪಾಕ್ರಿನ್ ಮಾತ್ರೆ. ಅದನ್ನು ನುಂಗಿದರೆ ಮೈ ಹಳದಿಯಾಗುತ್ತಿತ್ತು, ಗಂಡಸುತನ ಹೋಗುತ್ತದೆ ಎಂಬ ಗುಸುಗುಸು ಬೇರೆ ಇತ್ತು, ಹಾಗಾಗಿ ಸಿಪಾಯಿಗಳು ಬಾಯಿಗೆ ಹಾಕಿಕೊಂಡಂತೆ ಮಾಡಿ ಉಗುಳುತ್ತಿದ್ದರು. ಸ್ಲಿಮ್ ಹೇಳದೆ ಕೇಳದೆ ಇಡೀ ಬೆಟಾಲಿಯನ್ನಿನ ರಕ್ತಪರೀಕ್ಷೆ ಮಾಡಿಸತೊಡಗಿದ. ಶೇಕಡ 95ಕ್ಕಿಂತ ಕಡಿಮೆ ಜನರ ರಕ್ತದಲ್ಲಿ ಮೆಪಾಕ್ರಿನ್ ಕಂಡರೆ ಕಮಾಂಡಿಂಗ್ ಆಫೀಸರನ ಕೆಲಸ ಹೋಯಿತು. ಮೂವರನ್ನು ತೆಗೆದ ಮೇಲೆ ನಾಲ್ಕನೆಯವನನ್ನು ತೆಗೆಯುವ ಅಗತ್ಯ ಬೀಳಲಿಲ್ಲ ಎಂದು ಆತನೇ ಬರೆದಿದ್ದಾನೆ. 1945ರ ಹೊತ್ತಿಗೆ ಸಾವಿರಕ್ಕೆ ಹನ್ನೆರಡು ಇದ್ದದ್ದು ಒಂದಕ್ಕೆ ಇಳಿದಿತ್ತು. ಯಾವ ಕಾಳಗವೂ ಆತನಿಗೆ ಇಷ್ಟು ಸಿಪಾಯಿಗಳನ್ನು ಉಳಿಸಿಕೊಟ್ಟಿರಲಾರದು.

ಊಟದ ಕಥೆಯೂ ಹೀಗೆಯೇ. 14ನೇ ಸೇನೆಯಲ್ಲಿ ಹೆಚ್ಚಿನವರು ಭಾರತೀಯರು, ಜೊತೆಗೆ ಬ್ರಿಟಿಷರು, ನೇಪಾಳಿಗಳು, ಪೂರ್ವ ಮತ್ತು ಪಶ್ಚಿಮ ಆಫ್ರಿಕಾದವರು. ಅನ್ನ ಉಣ್ಣುವವರು, ರೊಟ್ಟಿ ತಿನ್ನುವವರು, ಹಲಾಲ್ ಬೇಕಾದವರು, ಝಟ್ಕಾ ಬೇಕಾದವರು, ಮಾಂಸವನ್ನೇ ಮುಟ್ಟದವರು ಎಲ್ಲರೂ ಒಂದೇ ಬೆಟ್ಟದ ಮೇಲೆ. ಇದನ್ನೆಲ್ಲ ನೋಡಿಕೊಂಡ ಮೇಜರ್ ಜನರಲ್ ಆಲ್ಫ್ ಸ್ನೆಲ್ಲಿಂಗ್‌ನ ಹೆಸರು ಕಾಳಗಗಳ ಇತಿಹಾಸದಲ್ಲಿ ಹೆಚ್ಚು ಕಾಣುವುದಿಲ್ಲ. ಆತ ಮೊಟ್ಟೆಗಾಗಿ ಬಾತುಕೋಳಿ ಸಾಕಿಸಿದ, ಇಂಫಾಲದ ಸುತ್ತ ತರಕಾರಿ ಬೆಳೆಸಿದ, ಜೀವಂತ ಆಡುಗಳನ್ನು ಗಡಿಯವರೆಗೆ ಹೊಡೆಸಿಕೊಂಡು ಹೋದ. ಆಕಾಶದಿಂದ ಮೂಟೆ ಇಳಿಸಲು ರೇಷ್ಮೆಯ ಪ್ಯಾರಾಶೂಟ್ ಸಿಗದಾಗ ಕಲ್ಕತ್ತೆಯ ಸೆಣಬಿನ ಗಿರಣಿಗಳನ್ನು ಹಿಡಿದು ಗೋಣಿಬಟ್ಟೆಯ ಪ್ಯಾರಾಶೂಟ್ ಹೊಲಿಸಿದರು. 20 ಪೌಂಡ್ ಬೆಲೆ ಬೀಳುತ್ತಿದ್ದ ವಸ್ತು ಒಂದು ಪೌಂಡಿನ ಆಸುಪಾಸಿನಲ್ಲಿ ಆಯಿತು. ಅದಕ್ಕೆ ಮನುಷ್ಯನನ್ನು ಕಟ್ಟಿ ಇಳಿಸುವಂತಿರಲಿಲ್ಲ, ಹಿಟ್ಟಿನ ಚೀಲಕ್ಕೆ ಏನೂ ಆಗುತ್ತಿರಲಿಲ್ಲ. ಇನ್ನೊಂದು ಸಣ್ಣ ಸಂಗತಿ: ಮುಂಚೂಣಿಯ ಯಾವುದಾದರೂ ಪಡೆ ಅರ್ಧ ಪಡಿತರಕ್ಕೆ ಬಂದರೆ ಸ್ಲಿಮ್ ತನ್ನ ಮುಖ್ಯ ಕಚೇರಿಯನ್ನೂ ಅರ್ಧ ಪಡಿತರಕ್ಕೆ ಇಳಿಸುತ್ತಿದ್ದ. ಇದರಿಂದ ಉಳಿಯುತ್ತಿದ್ದ ಅಕ್ಕಿ ಲೆಕ್ಕಕ್ಕಿಲ್ಲ. ಆದರೆ ಕಚೇರಿಯ ಗುಮಾಸ್ತರ ಹೊಟ್ಟೆ ಚುರುಗುಟ್ಟಿದಾಗ ಲಾರಿಗಳು ಬೇಗ ಹೊರಡುತ್ತಿದ್ದವು. ಒಂದು ಕಾಲದ ಗುಮಾಸ್ತನಿಗೆ ಮಾತ್ರ ಹೊಳೆಯುವ ಉಪಾಯ ಇದು.

ಈ ತಯಾರಿಯ ಪರೀಕ್ಷೆ 1944ರ ಫೆಬ್ರವರಿಯಲ್ಲಿ ಬರ್ಮಾ ಕರಾವಳಿಯ ಅರಕಾನ್‌ನಲ್ಲಿ ನಡೆಯಿತು. ಜಪಾನೀಯರು ಹಳೆಯ ಆಟವನ್ನೇ ಆಡಿದರು, ಸುತ್ತಿಬಂದು 7ನೇ ಭಾರತೀಯ ಡಿವಿಜನ್ನಿನ ಹಿಂದೆ ಕೂತರು. ಡಿವಿಜನ್ ಕದಲಲಿಲ್ಲ. ‘ಅಡ್ಮಿನ್ ಬಾಕ್ಸ್’ ಎಂದು ಹೆಸರಾದ ಆ ಜಾಗ ನಿಜವಾಗಿ ಒಂದು ಉಗ್ರಾಣ. ಅಲ್ಲಿ ಅಡುಗೆಯವರು, ಗುಮಾಸ್ತರು, ಹೇಸರಗತ್ತೆ ನೋಡಿಕೊಳ್ಳುವವರೆಲ್ಲ ಬಂದೂಕು ಹಿಡಿದರು, ಮೇಲಿನಿಂದ ವಿಮಾನಗಳು ಮೂಟೆ ಬೀಳಿಸುತ್ತಲೇ ಇದ್ದವು. ಹಸಿದದ್ದು ಮುತ್ತಿಗೆ ಹಾಕಿದವರು. ಮುಂದಿನ ತಿಂಗಳು ಇದೇ ನಾಟಕ ಇಂಫಾಲ, ಕೊಹಿಮಾಗಳಲ್ಲಿ ಹಲವು ಪಟ್ಟು ದೊಡ್ಡದಾಗಿ ನಡೆಯಿತು. ಜನರಲ್ ಮುತಾಗುಚಿಯ 15ನೇ ಸೇನೆ ಸುಮಾರು ಮೂರು ವಾರದ ಆಹಾರ ಹೊತ್ತು, ದನಗಳ ಹಿಂಡು ಹೊಡೆದುಕೊಂಡು ಚಿಂದ್ವಿನ್ ನದಿ ದಾಟಿತು. ಉಳಿದದ್ದನ್ನು ಇಂಫಾಲದ ಬ್ರಿಟಿಷ್ ಉಗ್ರಾಣಗಳಿಂದ ತೆಗೆದುಕೊಳ್ಳುವ ಎಣಿಕೆ. ಸ್ಲಿಮ್ ಎದುರು ಹೋಗಿ ಕಾದಲಿಲ್ಲ. ಗಡಿಯ ದಾಸ್ತಾನುಗಳನ್ನು ಖಾಲಿ ಮಾಡಿ, ಸುಟ್ಟು, ಪಡೆಗಳನ್ನು ಇಂಫಾಲದ ಬಯಲಿಗೆ ಎಳೆದುಕೊಂಡ. ಅರಕಾನ್‌ನಿಂದ 5ನೇ ಭಾರತೀಯ ಡಿವಿಜನ್ನನ್ನು ಹೇಸರಗತ್ತೆ, ತೋಪುಗಳ ಸಮೇತ ವಿಮಾನದಲ್ಲಿ ತಂದಿಳಿಸಿದ. ಮಾರ್ಚ್ ಕೊನೆಯಿಂದ ಜೂನ್ 22ರಂದು ಕೊಹಿಮಾ–ಇಂಫಾಲ ರಸ್ತೆ ಮತ್ತೆ ತೆರೆಯುವವರೆಗೆ ಸುಮಾರು 1,50,000 ಜನ ಆಕಾಶದಿಂದ ಬಿದ್ದದ್ದನ್ನು ಉಂಡು ಕಾದಿದರು. ಆಚೆ ಕಡೆ, ಕೊಹಿಮಾದಲ್ಲಿದ್ದ ಜಪಾನಿನ ಜನರಲ್ ಸಾತೊ ಒಂದು ಕಾಳು ಅಕ್ಕಿಯೂ ಬರದ್ದಕ್ಕೆ ಮೇಲಧಿಕಾರಿಯ ಆಜ್ಞೆ ಮೀರಿ ಹಿಂದೆ ಸರಿದ, ಜಪಾನಿ ಸೇನೆಯಲ್ಲಿ ಹಿಂದೆ ಕೇಳರಿಯದ ಸಂಗತಿ. ಸುಮಾರು 85,000 ಜನರಲ್ಲಿ ಸತ್ತವರು, ಗಾಯಗೊಂಡವರು, ರೋಗಕ್ಕೆ ಬಿದ್ದವರು ಸೇರಿ 50,000ಕ್ಕೂ ಹೆಚ್ಚು. ಸತ್ತವರಲ್ಲಿ ಬಹಳ ಮಂದಿ ಗುಂಡಿಗಿಂತ ಹಸಿವು, ಜ್ವರಕ್ಕೆ ಬಲಿಯಾದವರು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಇದು ಸ್ಲಿಮ್‌ನ ಗೆಲುವೋ, ಮುತಾಗುಚಿಯ ಮೂರ್ಖತನವೋ? ಊಟವಿಲ್ಲದೆ ಬೆಟ್ಟ ಹತ್ತಿದವನು ಹಸಿವಿನಿಂದ ಸತ್ತರೆ ಎದುರಾಳಿಗೇಕೆ ಹೊಗಳಿಕೆ? ಆದರೆ ಮುತಾಗುಚಿ ಮಾಡಿದ್ದು 1942ರಲ್ಲಿ ಮಲಯಾ, ಬರ್ಮಾಗಳಲ್ಲಿ ಗೆದ್ದ ಲೆಕ್ಕಾಚಾರವನ್ನೇ. ಆಗ ಬ್ರಿಟಿಷರು ಓಡುವಾಗ ಬಿಟ್ಟುಹೋದ ದಾಸ್ತಾನಿನಿಂದಲೇ ಜಪಾನೀಯರು ಉಂಡರು, ಅವರ ಲಾರಿಗಳನ್ನೇ ಓಡಿಸಿದರು. ಆ ಲೆಕ್ಕ 1944ರಲ್ಲಿ ತಪ್ಪಾದದ್ದು ಎದುರಿನವರು ಓಡದಿದ್ದುದರಿಂದ, ದಾಸ್ತಾನು ಬಿಡದಿದ್ದುದರಿಂದ. ಶತ್ರುವನ್ನು ಆತನ ದಾರಿಯ ಕಟ್ಟಕಡೆಯ ತುದಿಗೆ, ಮುಂಗಾರಿನ ಬಾಯಿಗೆ ಎಳೆದು ತರುವುದೇ ಸ್ಲಿಮ್‌ನ ಯೋಜನೆಯಾಗಿತ್ತು. ಹಾಗೆಂದು ಆತ ತಪ್ಪು ಮಾಡಲಿಲ್ಲ ಎಂದಲ್ಲ. ಕೊಹಿಮಾದ ಕಡೆಗೆ ಒಂದು ರೆಜಿಮೆಂಟ್ ಬರಬಹುದೆಂದು ಎಣಿಸಿದ್ದ, ಬಂದದ್ದು ಇಡೀ ಡಿವಿಜನ್. ತಿದ್ದಿಮ್‌ನಲ್ಲಿದ್ದ 17ನೇ ಡಿವಿಜನ್ನನ್ನು ಹಿಂದಕ್ಕೆ ಕರೆಸುವುದು ತಡವಾಗಿ ಅದರ ದಾರಿ ಕಡಿದುಹೋಯಿತು. ಕೊಹಿಮಾದ ಡೆಪ್ಯುಟಿ ಕಮಿಷನರ್ ಬಂಗಲೆಯ ಟೆನಿಸ್ ಅಂಗಳದ ಎರಡು ಬದಿಗೆ ನಿಂತು ಕಾದಿದವರು ಈ ತಪ್ಪಿನ ಬೆಲೆ ತೆತ್ತರು. ಆದರೆ ಸೇನಾನಿಯ ಅಂದಾಜು ತಪ್ಪಿದರೂ ಸೈನ್ಯ ಮುರಿಯದಷ್ಟು ಗಟ್ಟಿಯಾಗಿ ಅದರ ಹಿಂಬದಿಯನ್ನು ಕಟ್ಟಿದ್ದ ಎಂಬುದು ನನ್ನ ವಾದಕ್ಕೇ ಬಲ ಕೊಡುತ್ತದೆ.

ಎರಡನೇ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ವಿಮಾನಗಳು ಅಮೆರಿಕದವು, ಅಮೆರಿಕದ ಸಂಪತ್ತು ಬೆನ್ನಿಗಿದ್ದರೆ ಯಾರು ಬೇಕಾದರೂ ಗೆಲ್ಲುತ್ತಿದ್ದರು. ವಿಮಾನಗಳಿಲ್ಲದೆ ಇಂಫಾಲ ಉಳಿಯುತ್ತಿರಲಿಲ್ಲ ಎಂಬುದನ್ನು ಒಪ್ಪಲೇಬೇಕು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಕೂಡ 1943ರಿಂದ ಅಮೆರಿಕದ ವಾಯುಪಡೆಯ ದುರಸ್ತಿ ಕೇಂದ್ರವಾಗಿ ಈ ಯುದ್ಧಕ್ಕೆ ದುಡಿಯಿತು. ಆದರೆ ಸಂಪತ್ತು ಬೆನ್ನಿಗಿತ್ತು ಎಂಬುದು ಅರ್ಧ ಸತ್ಯ. ಮಿತ್ರರಾಷ್ಟ್ರಗಳ ಲೆಕ್ಕದಲ್ಲಿ ಬರ್ಮಾ ಕೊನೆಯ ಪಂಕ್ತಿ. 1944ರ ಡಿಸೆಂಬರ್ 10ರ ಬೆಳಗ್ಗೆ ಇಂಫಾಲದಲ್ಲಿ ಮಲಗಿದ್ದ ಸ್ಲಿಮ್‌ನನ್ನು ಒಂದರ ಹಿಂದೊಂದು ಏರುತ್ತಿದ್ದ ವಿಮಾನಗಳ ಸದ್ದು ಎಬ್ಬಿಸಿತು. ತನ್ನ ಪಡೆಗಳಿಗೆ ಸಾಮಾನು ಇಷ್ಟು ಬೇಗ ಹೊರಟಿತೇ ಎಂದು ಆತ ಅಚ್ಚರಿಪಟ್ಟ. ಹೊರಟಿದ್ದದ್ದು ಚೀನಾಕ್ಕೆ. ಆತನಿಗೆ ಕೊಟ್ಟಿದ್ದ ಮೂರು ಸ್ಕ್ವಾಡ್ರನ್, 75 ಡಕೋಟಾಗಳು ಒಂದು ಮಾತೂ ಹೇಳದೆ ಬೇರೆ ರಣರಂಗಕ್ಕೆ ಹೋಗಿದ್ದವು. ತುಂಬಿಟ್ಟಿದ್ದ ಮೂಟೆಗಳು ಇಂಫಾಲದ ರನ್‌ವೇ ಪಕ್ಕದಲ್ಲಿ ರಾಶಿಬಿದ್ದಿದ್ದವು. ಮಧ್ಯ ಬರ್ಮಾಕ್ಕೆ ಇಳಿಯುವ ಯೋಜನೆ ಅಂದೇ ಮುರಿದುಬೀಳಬೇಕಿತ್ತು.

ಬೀಳಲಿಲ್ಲ, ಏಕೆಂದರೆ ಆಕಾಶದ ಕೊರತೆಯನ್ನು ನೀರು, ನೆಲದಲ್ಲಿ ತುಂಬಿದರು. ಚಿಂದ್ವಿನ್ ನದಿಗೆ ಕಲೇವಾದಲ್ಲಿ 1,154 ಅಡಿ ಉದ್ದದ ‘ಬೈಲಿ’ ಸೇತುವೆ, ಬಿಡಿಭಾಗ ಜೋಡಿಸಿ ಕಟ್ಟುವ ಆ ಬಗೆಯ ಸೇತುವೆಗಳಲ್ಲಿ ಆಗ ಜಗತ್ತಿನಲ್ಲೇ ಅತಿ ಉದ್ದದ್ದು. ಕಬಾವ್ ಕಣಿವೆಯ ಕೆಸರಿನ ಮೇಲೆ ಡಾಂಬರು ಬಳಿದ ಗೋಣಿತಟ್ಟು ಹಾಸಿ ರಸ್ತೆ. ಪಕ್ಕದ ಕಾಡಿನ ತೇಗ ಕಡಿದು ದಡದಲ್ಲೇ ದೋಣಿ ಕಟ್ಟುವ ಕಾರ್ಖಾನೆ. ಹೀಗೆ ಕಟ್ಟಿದ ಎರಡು ಕಾವಲು ದೋಣಿಗಳಲ್ಲಿ ಒಂದಕ್ಕೆ ಸ್ಲಿಮ್ ತನ್ನ ಮಗಳು ಊನಾಳ ಹೆಸರನ್ನೂ ಇನ್ನೊಂದಕ್ಕೆ ಮೇಲಧಿಕಾರಿ ಮೌಂಟ್‌ಬ್ಯಾಟನ್‌ನ ಮಗಳು ಪಮೇಲಾಳ ಹೆಸರನ್ನೂ ಇಟ್ಟ. ಮೇಲಧಿಕಾರಿಗಳನ್ನು ಸಂಭಾಳಿಸುವುದೂ ಉಗ್ರಾಣ ನಡೆಸುವವನಿಗೆ ಗೊತ್ತಿರಬೇಕಾದ ವಿದ್ಯೆಯೇ. ಡಕೋಟಾ ಸಲೀಸಾಗಿ ಹೋಗಿಬರುವ ದೂರ ಮುಗಿಯುತ್ತ ಬಂದಾಗ ಅರಕಾನ್ ಕರಾವಳಿಯ ಅಕ್ಯಾಬ್, ರಾಮ್ರೀ ದ್ವೀಪಗಳ ವಿಮಾನ ನೆಲೆಗಳು ಬೇಕಾದವು; ಆ ಕರಾವಳಿಯ ಕಾಳಗದಲ್ಲಿಯೇ, ಕಂಗಾವ್‌ನಲ್ಲಿ, ಕೊಡಗಿನ ಕೆ. ಎಸ್. ತಿಮ್ಮಯ್ಯ ತಮ್ಮ ಹೈದರಾಬಾದ್ ರೆಜಿಮೆಂಟಿನ ಬೆಟಾಲಿಯನ್ ನಡೆಸಿ ಹೆಸರಾದರು. ಇನ್ನು ಎಲ್ಲರೂ ಕೊಂಡಾಡುವ ಮೇಕ್ಟಿಲಾ. ಸ್ಲಿಮ್ ಒಂದು ಕೋರ್ ಅನ್ನು ಮಂಡಲೆಯ ಎದುರು ನಿಲ್ಲಿಸಿ ಶತ್ರುವಿನ ಕಣ್ಣು ಅಲ್ಲಿಯೇ ನೆಡುವಂತೆ ಮಾಡಿ, ಇನ್ನೊಂದನ್ನು ಸುಳ್ಳು ರೇಡಿಯೋ ಸಂದೇಶಗಳ ಮರೆಯಲ್ಲಿ ದಕ್ಷಿಣಕ್ಕೆ ಇಳಿಸಿ, ಫೆಬ್ರವರಿ 14ರಂದು ನ್ಯಾಂಗು ಬಳಿ ಇರಾವದಿ ದಾಟಿಸಿದ. ಗುರಿ ರಾಜಧಾನಿಯಲ್ಲ, ಕೋಟೆಯಲ್ಲ. ಮೇಕ್ಟಿಲಾ ಜಪಾನೀಯರ ದಾಸ್ತಾನು, ಆಸ್ಪತ್ರೆ, ವಿಮಾನ ನೆಲೆ, ರೈಲು ಕೂಡುವ ಊರು. ಕೊನೆಗೆ ಅಲ್ಲಿನ ಆಸ್ಪತ್ರೆಯ ರೋಗಿಗಳ ಕೈಗೂ ಆಯುಧ ಬಂತು. ಮಾರ್ಚ್ ಮೊದಲ ವಾರ ಅದು ಬಿದ್ದ ಮೇಲೆ ಮಂಡಲೆಯೂ 20ರಂದು ಬಿತ್ತು. ಎದುರಾಳಿಯ ಉಗ್ರಾಣಕ್ಕೆ ಕೈಹಾಕುವುದು ತನ್ನ ಉಗ್ರಾಣದ ಬೆಲೆ ತಿಳಿದವನ ಯೋಚನೆ.

ಇಷ್ಟೆಲ್ಲ ಬೇಕಿತ್ತೇ ಎಂಬುದು ಭಾರತೀಯ ಓದುಗನ ಆಕ್ಷೇಪ, ಅದಕ್ಕೆ ಸುಲಭದ ಉತ್ತರವಿಲ್ಲ. ನ್ಯಾಂಗು ದಡದಲ್ಲಿ 7ನೇ ಭಾರತೀಯ ಡಿವಿಜನ್ನನ್ನು ಎದುರಿಸಿದವರಲ್ಲಿ ಆಜಾದ್ ಹಿಂದ್ ಫೌಜಿನ ನೆಹರು ರೆಜಿಮೆಂಟ್ ಇತ್ತು. ಎರಡೂ ದಡದಲ್ಲಿ ನಮ್ಮವರು. 1942ರ ಆಗಸ್ಟಿನ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಬಿಹಾರ, ಬಂಗಾಳದ ರೈಲು ಹಳಿಗಳನ್ನು ಕಿತ್ತಾಗ ಅಲ್ಲಿನ ಆಂತರಿಕ ಭದ್ರತೆಯ ಹೊಣೆ ಹೊತ್ತ 15ನೇ ಕೋರ್‌ನ ಮುಖ್ಯಸ್ಥ ಇದೇ ಸ್ಲಿಮ್. ಎಲ್ಲಕ್ಕಿಂತ ಮಿಗಿಲಾಗಿ 1943ರ ಬಂಗಾಳದ ಕ್ಷಾಮ. ಸುಮಾರು 30 ಲಕ್ಷ ಜನ ಸತ್ತರೆಂದು ಅಂದಾಜು. ಜಪಾನೀಯರ ಕೈಗೆ ಸಿಗಬಾರದೆಂದು 1942ರಲ್ಲಿ ಕರಾವಳಿ ಬಂಗಾಳದ ದೋಣಿಗಳನ್ನು ಕಿತ್ತುಕೊಂಡಿದ್ದರು, ಯುದ್ಧದ ಖರೀದಿ ಅಕ್ಕಿಯ ಬೆಲೆಯನ್ನು ಏರಿಸಿತ್ತು. ಕ್ಷಾಮಕ್ಕೆ ಸ್ಲಿಮ್‌ನನ್ನು ಹೊಣೆ ಮಾಡುವುದು ಸರಿಯಲ್ಲ. ಆ ನಿರ್ಧಾರಗಳು ಲಂಡನ್, ದೆಹಲಿ, ಕಲ್ಕತ್ತೆಗಳಲ್ಲಿ ಆದವು, ವೈಸ್‌ರಾಯ್ ವೇವೆಲ್ ಬಂದ ಮೇಲೆ ಅನ್ನ ಹಂಚಲು ಇಳಿದದ್ದೂ ಸೈನ್ಯವೇ. ಆದರೆ 14ನೇ ಸೇನೆಯ ಸಾಮಾನು ಸಾಗಿದ್ದು ಅದೇ ಬಂಗಾಳದ ಮೂಲಕ. ಬೆಟ್ಟದ ತುದಿಯಲ್ಲಿದ್ದ ಸಿಪಾಯಿಗೆ ಮೊಟ್ಟೆ ಮುಟ್ಟಿಸಬಲ್ಲ ಸರ್ಕಾರ ಕಲ್ಕತ್ತೆಯ ಬೀದಿಗೆ ಗಂಜಿ ಮುಟ್ಟಿಸಲಾರದೆ ಹೋಯಿತು ಎಂದರೆ, ಕೊರತೆ ಬರೀ ಧಾನ್ಯದ್ದಾಗಿರಲಿಲ್ಲ, ಯಾರ ಹಸಿವು ಮೊದಲು ಎಂಬ ಆಯ್ಕೆಯದಾಗಿತ್ತು. ಸ್ಲಿಮ್‌ನ ಸಾಧನೆಯನ್ನು ಹೊಗಳುವ ಇಂಗ್ಲಿಷ್ ಪುಸ್ತಕಗಳಲ್ಲಿ ಈ ಎರಡು ಲೆಕ್ಕಗಳು ಒಂದೇ ಪುಟದಲ್ಲಿ ಅಪರೂಪಕ್ಕೆ ಬರುತ್ತವೆ.

ಕೊನೆಯ ಆಕ್ಷೇಪ ಸಾಕ್ಷ್ಯದ ಬಗ್ಗೆ. ಈ ಕಥೆಯ ಬಹುಭಾಗ ನಮಗೆ ಸಿಗುವುದು ಸ್ಲಿಮ್ 1956ರಲ್ಲಿ ಪ್ರಕಟಿಸಿದ ‘ಡಿಫೀಟ್ ಇನ್‌ಟು ವಿಕ್ಟರಿ’ ಎಂಬ ಆತನದೇ ಪುಸ್ತಕದಿಂದ. ಕಥೆಗಾರನಾಗಿ ಪಳಗಿದ್ದ ಕೈ ಅದು, ತನ್ನ ತಪ್ಪು ಒಪ್ಪಿಕೊಳ್ಳುವುದು ಓದುಗನನ್ನು ಗೆಲ್ಲುವ ದಾರಿ ಎಂದೂ ಅದಕ್ಕೆ ಗೊತ್ತಿತ್ತು. ಹಾಗಾಗಿ ಆತನ ಮಾತಿಗಿಂತ ಆತನ ನಿರ್ಧಾರಗಳನ್ನೇ ನೋಡುವುದು ಒಳಿತು, ಅವುಗಳಲ್ಲಿ ರಂಗೂನಿನದು ಒಂದು. 1945ರ ಏಪ್ರಿಲ್‌ನಲ್ಲಿ ಆತನ ಟ್ಯಾಂಕುಗಳು ದಕ್ಷಿಣಕ್ಕೆ ಓಡುತ್ತಿದ್ದವು, ಮೂರು ವರ್ಷದ ಹಿಂದೆ ಕಳೆದುಕೊಂಡ ನಗರ ಕೈಯಳತೆಯಲ್ಲಿತ್ತು. ಮುಂಗಾರು ಹತ್ತಿರ ಬರುತ್ತಿತ್ತು. ಮಳೆ ಹಿಡಿದರೆ ವಿಮಾನ ಇಳಿಯುವ ಮಣ್ಣಿನ ನೆಲೆಗಳು ಕೆಸರಾಗುತ್ತವೆ, ನೂರಾರು ಮೈಲಿ ಉದ್ದಕ್ಕೆ ಚಾಚಿಕೊಂಡ ಸೈನ್ಯ ಹಸಿಯುತ್ತದೆ. ತನ್ನ ಪಡೆಗಳೇ ಮೊದಲು ಮುಟ್ಟಬೇಕೆಂಬ ಹಟವಿದ್ದ ಸೇನಾನಿ ಹೇಗಾದರೂ ನುಗ್ಗಿಬಿಡುತ್ತಿದ್ದ. ಸ್ಲಿಮ್ ತಾನೇ ಒತ್ತಾಯಿಸಿ ಸಮುದ್ರದ ಕಡೆಯಿಂದ ಇನ್ನೊಂದು ಪಡೆಯನ್ನು ಇಳಿಸಲು ಕೇಳಿದ. ಮಳೆ ಎಣಿಸಿದ್ದಕ್ಕಿಂತ ಮೊದಲೇ ಬಂದು 17ನೇ ಡಿವಿಜನ್ ಪೆಗುವಿನ ಬಳಿ ನೀರಿನಲ್ಲಿ ನಿಂತಿತು, ಮುಂಚೂಣಿ ಅರ್ಧ ಪಡಿತರಕ್ಕೆ ಇಳಿಯಿತು, ಮೇ 3ರಂದು ರಂಗೂನಿಗೆ ಕಾಲಿಟ್ಟ ಕೀರ್ತಿ ಹಡಗಿನಲ್ಲಿ ಬಂದ 26ನೇ ಭಾರತೀಯ ಡಿವಿಜನ್ನಿನ ಪಾಲಾಯಿತು. ಆತನಿಗೆ ಬೇಕಾಗಿದ್ದದ್ದು ಬಂದರು, ಅದು ತೆರೆಯಿತು. ಅದೇ ತಿಂಗಳು ಮೇಲಧಿಕಾರಿ ಆಲಿವರ್ ಲೀಸ್ ಆತ ದಣಿದಿದ್ದಾನೆಂದು ಹೇಳಿ 14ನೇ ಸೇನೆಯಿಂದ ತೆಗೆಯಲು ಹೊರಟ. ಸುದ್ದಿ ಹಬ್ಬಿ ಸೈನ್ಯದೊಳಗೆ ಎದ್ದ ಅಸಮಾಧಾನ ಲಂಡನ್ ಮುಟ್ಟಿತು. ಹೋದವನು ಲೀಸ್, ಆತನ ಕುರ್ಚಿಗೆ ಬಂದವನು ಸ್ಲಿಮ್. 1948ರಲ್ಲಿ ಬ್ರಿಟಿಷ್ ಸೇನೆಯ ಮುಖ್ಯಸ್ಥನ ಹುದ್ದೆ ತೆರವಾದಾಗ ಹೊರಹೋಗುತ್ತಿದ್ದ ಮಾಂಟ್‌ಗೊಮರಿ ಬೇರೆ ಹೆಸರು ಹೇಳಿದ. ಪ್ರಧಾನಿ ಆಟ್ಲಿ, ಆ ಹೊತ್ತಿಗೆ ನಿವೃತ್ತನಾಗಿ ಬ್ರಿಟಿಷ್ ರೈಲ್ವೆಯ ಆಡಳಿತದಲ್ಲಿ ಕೂತಿದ್ದ ಸ್ಲಿಮ್‌ನನ್ನೇ ಕರೆಸಿದ. ಭಾರತೀಯ ಸೇನೆಯಿಂದ ಬಂದ ಅಧಿಕಾರಿ ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು.